ಲಕ್ಷಣಾವೃತ್ತಿಯೂ ವಾಗ್ಭ್ರಂಶವೂ: ಯಾಕಬ್ಸನ್ನನ ಮತದ ಪರಿಶೀಲನೆ

ಮಾತು ಕೆಟ್ಟವನನ್ನು ಪರೀಕ್ಷಿಸಿ ಮಾತಿನ ಸ್ವರೂಪವನ್ನು ನಿರ್ಣಯಿಸಬೇಕೆಂಬ ವಿಚಾರಪದ್ಧತಿಯು ಪಾಶ್ಚಾತ್ಯ ವಿದ್ವಾಂಸರಲ್ಲಿ ಕ್ರಿ.ಶ. ೧೮೬೧ ರಿಂದೀಚೆಗೆ ದೃಢವಾಗಿ ನೆಲೆಗೊಂಡಿತು. ಆ ವರ್ಷ ಪ್ಯಾರಿಸ್ ನಗರದ ವೈದ್ಯನಾದ ಪಾಲ್ ಬ್ರೋಕನು, "ಟಾನ್" ಎಂಬ ಉಲಿಯನ್ನು ಬಿಟ್ಟು ಹೆಚ್ಚೇನನ್ನೂ ಆಡಲಾರದಿದ್ದ ಲೆಬೋರ್ನ್ ಎಂಬ ರೋಗಿಯು ಮೃತನಾದ ಮೇಲೆ ಅವನ ಮೆದುಳನ್ನು ಪರೀಕ್ಷಿಸಿ, ಎಡಗೋಳದ ಮುಂಭಾಗದಲ್ಲಿ ವಿಕಾರವುಂಟಾಗಿರುವುದನ್ನು ವಿದ್ವತ್ಸಭೆಯ ಮುಂದೆ ತೋರಿಸಿದನು. ೧೮೭೪ ರಲ್ಲಿ ಕಾರ್ಲ್ ವೆರ್ನಿಕೆ ಎಂಬ ಜರ್ಮನ್ ವೈದ್ಯನು, ಮಾತು ನಿರರ್ಗಳವಾಗಿ ಹೊರಟರೂ ಅರ್ಥಗ್ರಹಣವು ಕೆಟ್ಟಿರುವ ಮತ್ತೊಂದು ಬಗೆಯನ್ನು ವರ್ಣಿಸಿದನು. ಈ ರೋಗವರ್ಗಕ್ಕೆ ಅಫೇಸಿಯ ಎಂದು ಹೆಸರು. ನಾವು ಇಲ್ಲಿ ವಾಗ್ಭ್ರಂಶವೆಂದು ವ್ಯವಹರಿಸುವೆವು. ಈ ಸಂಗತಿಗಳು ವೈದ್ಯರಲ್ಲಿಯೇ ಉಳಿದಿದ್ದರೆ ಅಲಂಕಾರಶಾಸ್ತ್ರವನ್ನು ಓದಿ ಬೆಳೆದ ನಮ್ಮಂಥವರಿಗೆ ಅದರಲ್ಲಿ ಕೈಯಿಡುವ ಅಧಿಕಾರವಿರುತ್ತಿರಲಿಲ್ಲ. ಆದರೆ ೧೯೫೬ ರಲ್ಲಿ ರೋಮನ್ ಯಾಕಬ್ಸನ್ (೧೮೯೬–೧೯೮೨) ಎಂಬ ಭಾಷಾಶಾಸ್ತ್ರಜ್ಞನು, ವಾಗ್ಭ್ರಂಶದ ಎರಡು ಬಗೆಗಳಿಂದಲೇ ಕಾವ್ಯದ ಎರಡು ಬಗೆಗಳನ್ನು ಸಾಧಿಸಬಹುದೆಂದು ಒಂದು ಪ್ರಬಂಧದಲ್ಲಿ ಪ್ರತಿಪಾದಿಸಿದನು. ಅಂದಿನಿಂದ ಆ ಪ್ರಬಂಧವು ಸಾಹಿತ್ಯವಿಮರ್ಶಕರ ಕೈಪಿಡಿಯಂತಾಗಿದೆ. ರೋಗಿಯ ಮೆದುಳಿನಿಂದ ಕವಿಯ ವಾಣಿಗೆ ಹಾಕಿದ ಈ ಸೇತುವೆಯು ಭಾರವನ್ನು ಹೊರುವುದೇ ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಅವನ ಮತವನ್ನು ಯಥಾವತ್ತಾಗಿ ಅನುವಾದಿಸಿಕೊಳ್ಳೋಣ. ಮಾತನಾಡುವವನು ಎರಡು ವ್ಯಾಪಾರಗಳನ್ನು ನಡೆಸುತ್ತಾನೆ. ಒಂದಕ್ಕೊಂದು ಬದಲಾಗಿ ನಿಲ್ಲಬಲ್ಲ ಪದಗಳೊಳಗಿಂದ ಬೇಕಾದುದನ್ನು ಆರಿಸುವುದು ಒಂದು. ಆರಿಸಿದವುಗಳನ್ನು ಒಂದರ ಮಗ್ಗುಲಲ್ಲಿ ಒಂದನ್ನಿರಿಸಿ ಜೋಡಿಸುವುದು ಇನ್ನೊಂದು. ಆಯ್ಕೆಗೆ ಸಾದೃಶ್ಯವು ಆಧಾರ, ಜೋಡಣೆಗೆ ಸಾನ್ನಿಧ್ಯವು ಆಧಾರ. ಆಯ್ಕೆಯ ಶಕ್ತಿಯು ಕೆಟ್ಟ ರೋಗಿಯು ಸಾನ್ನಿಧ್ಯವೊಂದನ್ನೇ ಊರುಗೋಲಾಗಿ ಹಿಡಿದು, ಚಾಕುವೆನ್ನಬೇಕಾದಲ್ಲಿ ಮುಳ್ಳುಚಮಚವೆಂದೂ, ದೀಪವೆನ್ನಬೇಕಾದಲ್ಲಿ ಮೇಜೆಂದೂ, ಚುಂಗಾಣಿಯೆನ್ನಬೇಕಾದಲ್ಲಿ ಹೊಗೆಯೆಂದೂ ಹೇಳುತ್ತಾನೆ. ಜೋಡಣೆಯ ಶಕ್ತಿಯು ಕೆಟ್ಟವನಲ್ಲಿ ವಾಕ್ಯವು ಶಿಥಿಲವಾಗಿ ಪದಗಳ ರಾಶಿ ಮಾತ್ರ ಉಳಿಯುತ್ತದೆ. ಅವನು ಸೂಕ್ಷ್ಮದರ್ಶಕವನ್ನು ದುರ್ಬೀನೆಂದೂ, ಅನಿಲದೀಪವನ್ನು ಬೆಂಕಿಯೆಂದೂ, ಹೋಲಿಕೆಯನ್ನು ಹಿಡಿದು ಹೆಸರಿಸುತ್ತಾನೆ. ಮೊದಲನೆಯವನ ಮಾತು ಮೆಟಾನಿಮಿ ಎಂಬ ಧ್ರುವದ ಕಡೆಗೂ ಎರಡನೆಯವನ ಮಾತು ಮೆಟಫರ್ ಎಂಬ ಧ್ರುವದ ಕಡೆಗೂ ವಾಲುತ್ತದೆ. ಅಲ್ಲಿಂದ ಮುಂದೆ ಯಾಕಬ್ಸನ್ನನು ಒಂದೇ ಹಾರಿಗೆ ಸಾಹಿತ್ಯಕ್ಕೆ ಬರುತ್ತಾನೆ: ರಮ್ಯಕಾವ್ಯವೂ ಸಂಕೇತಕಾವ್ಯವೂ ಮೆಟಫರಿನ ಪ್ರಾಬಲ್ಯವುಳ್ಳವು, ವಾಸ್ತವವಾದಿ ಕಾದಂಬರಿಯು ಮೆಟಾನಿಮಿಯ ಪ್ರಾಬಲ್ಯವುಳ್ಳದ್ದು. ಟಾಲ್‌ಸ್ಟಾಯಿಯು ಅನ್ನಾ ಕರೆನಿನಳ ಆತ್ಮಹತ್ಯೆಯ ಸಂದರ್ಭದಲ್ಲಿ ಅವಳ ಕೈಚೀಲದ ಮೇಲೆ ದೃಷ್ಟಿಯನ್ನು ನಿಲ್ಲಿಸಿದ್ದು ಅವನ ಪ್ರಸಿದ್ಧ ಉದಾಹರಣೆ. ಚಿತ್ರಕಲೆ, ಚಲಚ್ಚಿತ್ರ, ಸ್ವಪ್ನ, ಮಂತ್ರತಂತ್ರಗಳವರೆಗೂ ಈ ಎರಡು ಧ್ರುವಗಳನ್ನು ಅವನು ಚಾಚಿದ್ದಾನೆ. ಇಷ್ಟು ಸಣ್ಣ ಬೀಜದಿಂದ ಇಷ್ಟು ದೊಡ್ಡ ಆಲವನ್ನು ಬೆಳೆಸಿದ ಬುದ್ಧಿಶಕ್ತಿಯನ್ನು ಕಂಡು ಯಾರಾದರೂ ತಲೆದೂಗತಕ್ಕದ್ದೇ.

ಕನ್ನಡದಲ್ಲಿ ಶೈಲಿಶಾಸ್ತ್ರವನ್ನು ಬೋಧಿಸುವವರಲ್ಲಿಯೂ ಈ ಮತಕ್ಕೆ ಮನ್ನಣೆಯುಂಟು. ಆದರೆ ಮೆಟಫರ್ ಎಂದರೆ ರೂಪಕ, ಮೆಟಾನಿಮಿ ಎಂದರೆ ಲಕ್ಷಣೆ ಎಂದು ಸಮೀಕರಣ ಮಾಡಿಕೊಂಡು ಮುಂದುವರಿಯುವ ಅಭ್ಯಾಸವು ಶೋಚನೀಯವಾದುದು. ರೂಪಕವು ಅಲಂಕಾರ, ಲಕ್ಷಣೆಯು ಶಬ್ದದ ವೃತ್ತಿ. ಇವೆರಡನ್ನು ಒಂದೇ ತಕ್ಕಡಿಯ ಎರಡು ತಟ್ಟೆಗಳಲ್ಲಿಡುವುದು ಬಣ್ಣವನ್ನೂ ತೂಕವನ್ನೂ ಹೋಲಿಸಿದಂತೆ. ಲಕ್ಷಣೆಯೊಳಗೇ ಗೌಣಿಯೆಂದೂ ಶುದ್ಧೆಯೆಂದೂ ಎರಡು ಭೇದಗಳುಂಟು. ಸಾದೃಶ್ಯಮೂಲವಾದುದು ಗೌಣೀ, ಸಾದೃಶ್ಯವಲ್ಲದ ಬೇರೆ ಸಂಬಂಧದಿಂದ ಬಂದುದು ಶುದ್ಧೆ. ಹೋಲಿಸಬೇಕಾದರೆ ಮೆಟಫರಿಗೆ ಗೌಣಿಯನ್ನೂ ಮೆಟಾನಿಮಿಗೆ ಶುದ್ಧೆಯನ್ನೂ ಹೋಲಿಸಬೇಕು. ಹೀಗೆ ಸರಿಪಡಿಸಿಕೊಂಡ ಮೇಲೆ ಯಾಕಬ್ಸನ್ನನ ವಿಭಾಗವೂ ಹನ್ನೊಂದನೆಯ ಶತಮಾನದ ಕಾಶ್ಮೀರದ ಮಮ್ಮಟಾಚಾರ್ಯನ ವಿಭಾಗವೂ ಒಂದರ ಮೇಲೊಂದು ಕೂಡುವಂತೆ ಕಾಣುತ್ತವೆ. ಇದನ್ನು ನೋಡಿ, ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತೆಂದು ಹಿಗ್ಗುವವರು ಕೆಲವರಿದ್ದಾರೆ. ಆ ಹಿಗ್ಗು ಅನವಸರದ್ದು. ಎರಡು ನಕ್ಷೆಗಳ ಗೆರೆಗಳು ಕೂಡಿದ ಮಾತ್ರಕ್ಕೆ ಎರಡೂ ಒಂದೇ ದೇಶದ ನಕ್ಷೆಗಳಾಗುವುದಿಲ್ಲ.

ಯಾಕಬ್ಸನ್ನನ ಒಂದು ದೂರು ಮಾತ್ರ ಪೂರ್ಣವಾಗಿ ನ್ಯಾಯವಾದುದು. ಪಶ್ಚಿಮದ ವಿಮರ್ಶಕರು ಮೆಟಫರನ್ನು ಕುರಿತು ರಾಶಿರಾಶಿಯಾಗಿ ಬರೆದು ಮೆಟಾನಿಮಿಯನ್ನು ಉಪೇಕ್ಷಿಸಿದರೆಂದು ಅವನು ಹೇಳುತ್ತಾನೆ. ನಮ್ಮ ಶಾಸ್ತ್ರದಲ್ಲಿ ವಿಷಯವು ಬಹುಮಟ್ಟಿಗೆ ತಿರುವುಮುರುವಾಗಿದೆ. ನ್ಯಾಯಸೂತ್ರದ ಎರಡನೆಯ ಅಧ್ಯಾಯದಲ್ಲಿ ಉಪಚಾರಕ್ಕೆ ಹತ್ತು ನಿಮಿತ್ತಗಳನ್ನು ಹೇಳಿದೆ: ಸಹಚರಣ, ಸ್ಥಾನ, ತಾದರ್ಥ್ಯ, ವೃತ್ತ, ಮಾನ, ಧಾರಣ, ಸಾಮೀಪ್ಯ, ಯೋಗ, ಸಾಧನ, ಆಧಿಪತ್ಯ. ಇವುಗಳಲ್ಲಿ ರಾಜನನ್ನು ಯಮನೆನ್ನುವ ವೃತ್ತವೊಂದನ್ನು ಬಿಟ್ಟರೆ ಉಳಿದ ಒಂಬತ್ತೂ ಸಾನ್ನಿಧ್ಯದ ಜಾತಿಯವೇ. ಮಮ್ಮಟನೂ ಶುದ್ಧೆಗೆ ಕಾರ್ಯಕಾರಣಭಾವ, ತಾದರ್ಥ್ಯ, ಸ್ವಸ್ವಾಮಿಭಾವ, ಅವಯವಾವಯವಿಭಾವ, ತಾತ್ಕರ್ಮ್ಯ ಎಂದು ಸಂಬಂಧಗಳನ್ನು ಎಣಿಸುತ್ತಾನೆ. ತುಪ್ಪವನ್ನು ಆಯುಸ್ಸೆನ್ನುವುದು ಮೊದಲನೆಯದಕ್ಕೆ ಲಕ್ಷ್ಯ. ಕೊನೆಯದಾದ ತಾತ್ಕರ್ಮ್ಯವು ಇಲ್ಲಿ ವಿಶೇಷವಾಗಿ ಗಮನಾರ್ಹವಾದುದು. ಬಡಗಿಯಲ್ಲದವನು ಬಡಗಿಯ ಕೆಲಸವನ್ನು ಮಾಡುತ್ತಿರುವಾಗ ಅವನನ್ನು ಬಡಗಿಯೆನ್ನುವುದು ಸಾದೃಶ್ಯದಿಂದಲೋ ಸಂಬಂಧದಿಂದಲೋ? ಮಮ್ಮಟನು ಇದನ್ನು ಶುದ್ಧೆಯಲ್ಲಿಟ್ಟನು; ಯಾಕಬ್ಸನ್ನನ ತಕ್ಕಡಿಯಲ್ಲಿ ಇದು ಯಾವ ತಟ್ಟೆಗೆ ಬೀಳುವುದೆಂದು ಹೇಳುವುದು ಕಷ್ಟ. ಅವನು ಸಾನ್ನಿಧ್ಯವೆಂಬ ಒಂದೇ ಚೀಲದಲ್ಲಿ ತುಂಬಿದ ವಸ್ತುಗಳು ಒಂದೇ ಜಾತಿಯವಲ್ಲ. ಚಾಕುವಿನ ಮಗ್ಗುಲಲ್ಲಿ ಮುಳ್ಳುಚಮಚವಿರುವುದು ಸಹಚರಣ. ಚುಂಗಾಣಿಯಿಂದ ಹೊಗೆ ಬರುವುದು ಕಾರ್ಯಕಾರಣಭಾವ. ಮೇಜಿನ ಮೇಲೆ ದೀಪವಿರುವುದು ಆಧಾರಾಧೇಯಭಾವ. ರೋಗಿಯು ಇವುಗಳಲ್ಲಿ ಯಾವುದನ್ನು ಉಳಿಸಿಕೊಂಡು ಯಾವುದನ್ನು ಕಳೆದುಕೊಂಡನೆಂದು ಕೇಳಬೇಕಾಗಿತ್ತು. ಆ ಪ್ರಶ್ನೆಯು ಅಲ್ಲಿ ಹುಟ್ಟುವುದೇ ಇಲ್ಲ.

ಇದು ಅವಾಂತರ ದೋಷ. ಮುಖ್ಯವಾದ ಆಕ್ಷೇಪವು ಬೇರೆಯಿದೆ.

ಲಕ್ಷಣೆಯು ಸಿದ್ಧಿಸಬೇಕಾದರೆ ಮೂರು ಅಂಗಗಳು ಇರಲೇಬೇಕೆಂಬುದು ನಮ್ಮ ಆಲಂಕಾರಿಕರ ನಿರ್ಣಯ: ಮುಖ್ಯಾರ್ಥವು ಬಾಧಿತವಾಗಬೇಕು, ಲಕ್ಷ್ಯಾರ್ಥಕ್ಕೆ ಮುಖ್ಯಾರ್ಥದೊಡನೆ ಸಂಬಂಧವಿರಬೇಕು, ರೂಢಿಯಾಗಲಿ ಪ್ರಯೋಜನವಾಗಲಿ ಹಿನ್ನೆಲೆಯಾಗಿರಬೇಕು. ಗಂಗೆಯ ಮೇಲೆ ಗೊಲ್ಲರ ಹಟ್ಟಿಯಿದೆಯೆಂದಾಗ, ಹರಿಯುವ ನೀರಿನ ಮೇಲೆ ಹಟ್ಟಿ ನಿಲ್ಲದೆಂಬ ಅರಿವು ಮೊದಲನೆಯ ಅಂಗ. ದಡಕ್ಕೂ ಹೊಳೆಗೂ ಇರುವ ಸಾಮೀಪ್ಯ ಎರಡನೆಯದು. ದಡವೆನ್ನದೆ ಗಂಗೆಯೆಂದುದರಿಂದ ಹಟ್ಟಿಗೆ ತೋರುವ ಶೈತ್ಯಪಾವನತ್ವಗಳು ಮೂರನೆಯದು. ಈಗ ಚಾಕುವನ್ನು ಮುಳ್ಳುಚಮಚವೆಂದ ರೋಗಿಯನ್ನು ನೋಡಿ. ಅವನಲ್ಲಿರುವುದು ಈ ಮೂರರಲ್ಲಿ ನಡುವಿನದೊಂದೇ. ಮುಖ್ಯಾರ್ಥವು ಇಲ್ಲಿ ಹೊಂದದೆಂದು ತಿಳಿದು ಅವನು ಆ ಮಾತನ್ನು ಆಡಲಿಲ್ಲ. ಅದರಿಂದ ಏನನ್ನಾದರೂ ಸೂಚಿಸಬೇಕೆಂಬ ಪ್ರಯೋಜನವೂ ಅವನಿಗಿಲ್ಲ. ಅವನು ಚಾಕುವೆನ್ನಲು ಹೋಗಿ ಎಡವಿದನು. ಇದು ಲಕ್ಷಣೆಯಲ್ಲ, ಸ್ಖಲನ. ಕಾಲು ಜಾರಿ ಬಿದ್ದವನೂ ನರ್ತಕನೂ ಇಬ್ಬರೂ ಕಾಲನ್ನೆತ್ತಿದ್ದಾರೆಂಬ ಮಾತ್ರದಿಂದ ಬೀಳುವಿಕೆಯು ನಾಟ್ಯದ ಒಂದು ಧ್ರುವವೆನ್ನಲಾಗದಷ್ಟೆ.

ಯಾಕಬ್ಸನ್ನನು ಇದನ್ನು ಕಾಣದವನಲ್ಲ. ದುರ್ಬೀನು ಮೊದಲಾದ ರೋಗಿಯ ಪ್ರಯೋಗಗಳಲ್ಲಿ ಬುದ್ಧಿಪೂರ್ವಕವಾದ ಅರ್ಥಾಂತರಸಂಕ್ರಮಣವಿಲ್ಲವಾದುದರಿಂದ ಅವು ಮೆಟಫರಿನಂತೆ ತೋರುವಂಥವು ಮಾತ್ರವೆಂದು ಅವನೇ ಒಂದೆಡೆ ಒಪ್ಪಿಕೊಂಡಿದ್ದಾನೆ. ಒಪ್ಪಿಕೊಂಡು ಮುಂದೆ ಹೋಗಿಬಿಟ್ಟಿದ್ದಾನೆ! ಕಾವ್ಯವೆಲ್ಲವೂ ಆ ಬುದ್ಧಿಪೂರ್ವಕತೆಯಲ್ಲಿಯೇ ಇರುವಾಗ, ಅದಿಲ್ಲದ ಸ್ಥಳದಿಂದ ಕಾವ್ಯದ ಧ್ರುವಗಳನ್ನು ಅಳೆಯುವುದು ಹೇಗೆ? ಇಲ್ಲಿ ಒಂದು ಸಮಾಧಾನವನ್ನು ಹೇಳಬಹುದು: ರೋಗಿಯ ಸ್ಖಲನವು ಅಲಂಕಾರವಲ್ಲದಿದ್ದರೂ, ಸಾದೃಶ್ಯ ಸಾನ್ನಿಧ್ಯಗಳೆಂಬ ಎರಡು ಹಾದಿಗಳು ಮೆದುಳಿನಲ್ಲಿ ಬೇರೆಬೇರೆಯಾಗಿ ಇವೆಯೆಂಬುದನ್ನಾದರೂ ಅದು ತೋರಿಸುತ್ತದೆ, ಕವಿಯೂ ಅವೇ ಹಾದಿಗಳಲ್ಲಿ ನಡೆಯುತ್ತಾನೆ ಎಂದು. ಇಷ್ಟನ್ನು ನಾವು ಒಪ್ಪಲು ಸಿದ್ಧರಿದ್ದೇವೆ. ಆದರೆ ಹಾಗೆ ಒಪ್ಪಿದಾಗ ರೋಗಿಯಿಂದ ಸಿದ್ಧವಾಗುವುದು ಸಂಬಂಧವೆಂಬ ಒಂದಂಗ ಮಾತ್ರ. ಕವಿಯನ್ನು ಕವಿಯಾಗಿಸುವ ಉಳಿದೆರಡು ಅಂಗಗಳನ್ನು ಕುರಿತು ಈ ಸಾಕ್ಷಿಯು ಮೂಕವಾಗಿದೆ. ೧೯೬೪ ರಲ್ಲಿ ಯಾಕಬ್ಸನ್ನನೇ ರಷ್ಯದ ವೈದ್ಯ ಲೂರಿಯನ ವರ್ಗೀಕರಣವನ್ನು ಸ್ವೀಕರಿಸಿ ವಾಗ್ಭ್ರಂಶವನ್ನು ಆರು ಬಗೆಗಳಾಗಿ ವಿಸ್ತರಿಸಿದನು. ಸಾಹಿತ್ಯದವರು ಮಾತ್ರ ಎರಡನ್ನೇ ಹಿಡಿದುಕೊಂಡು ಕುಳಿತರು. ಎರಡೆಂಬ ಸಂಖ್ಯೆಯಲ್ಲಿ ಪಾಠ ಹೇಳುವವರಿಗೆ ಒಂದು ಸೌಕರ್ಯವಿದೆ.

ಎರಡು ಹಾದಿಗಳೂ ಪರಸ್ಪರ ನಿರಪೇಕ್ಷವೆಂಬ ಮಾತನ್ನಾದರೂ ಪೂರ್ತಿಯಾಗಿ ಒಪ್ಪಬಹುದೇ? ಇಲ್ಲಿ ಏಳನೆಯ ಶತಮಾನದ ಕುಮಾರಿಲಭಟ್ಟನ ಅಭಿಪ್ರಾಯವನ್ನು ಮುಂದಿಡುವುದು ಉಚಿತ. ತಂತ್ರವಾರ್ತಿಕದಲ್ಲಿ ಅವನು ಲಕ್ಷಣೆಯನ್ನೂ ಗೌಣಿಯನ್ನೂ ಬೇರ್ಪಡಿಸಿ, ಗೌಣಿಯ ಹೊಟ್ಟೆಯೊಳಗೇ ಲಕ್ಷಣೆಯ ಒಂದು ಹೆಜ್ಜೆಯನ್ನು ಕಾಣಿಸುತ್ತಾನೆ. ಹುಡುಗನನ್ನು ಸಿಂಹವೆಂದಾಗ, ಸಿಂಹಶಬ್ದವು ಮೊದಲು ಸಿಂಹದೊಡನೆ ಅವಿನಾಭಾವವಾಗಿರುವ ಶೌರ್ಯಾದಿ ಗುಣಗಳನ್ನು ಲಕ್ಷಿಸುತ್ತದೆ. ಹಾಗೆ ಲಕ್ಷಿತವಾದ ಗುಣಗಳ ಯೋಗದಿಂದ ಹುಡುಗನಲ್ಲಿ ಪ್ರವರ್ತಿಸುತ್ತದೆ. ಸಿಂಹದಿಂದ ಅದರ ಗುಣಕ್ಕೆ ಹೋಗುವ ಹೆಜ್ಜೆಯು ಸಾನ್ನಿಧ್ಯದ್ದು, ಗುಣದಿಂದ ಹುಡುಗನಿಗೆ ಬರುವ ಹೆಜ್ಜೆಯು ಸಾದೃಶ್ಯದ್ದು. ಮಮ್ಮಟನು ಈ ವಿಷಯದಲ್ಲಿ ಮೂರು ಮತಗಳನ್ನು ಎತ್ತಿ, ಸಾಧಾರಣಗುಣಗಳ ಆಶ್ರಯದಿಂದ ವ್ಯಕ್ತಿಯೇ ಲಕ್ಷಿತನಾಗುತ್ತಾನೆಂಬ ಕಡೆಗೆ ಒಲಿದಿದ್ದಾನೆ. ಆದರೂ ಕುಮಾರಿಲನ ಮಾತನ್ನು ಉದಾಹರಿಸದೆ ಬಿಟ್ಟಿಲ್ಲ. ಕುಮಾರಿಲನ ಪಕ್ಷವು ನಿಜವಾದರೆ ಮೆಟಫರೂ ಮೆಟಾನಿಮಿಯೂ ಭೂಮಿಯ ಎರಡು ಧ್ರುವಗಳಂತೆ ಎದುರೆದುರು ನಿಲ್ಲುವವಲ್ಲ. ಒಂದು ಮನೆಯಾದರೆ ಮತ್ತೊಂದು ಅದರ ಮೆಟ್ಟಿಲು. ಮೆಟ್ಟಿಲು ಮುರಿದವನು ಮನೆಯನ್ನು ಹೊಗುವುದು ಹೇಗೆ? ಸಾನ್ನಿಧ್ಯವು ಕೆಟ್ಟ ರೋಗಿಯು ಸೂಕ್ಷ್ಮದರ್ಶಕವನ್ನು ದುರ್ಬೀನೆಂದಾನು. ಆಕಾರಗಳ ಹೋಲಿಕೆಗೆ ಗುಣವಿವೇಚನೆ ಬೇಕಾಗಿಲ್ಲ. ಅವನು ಹುಡುಗನನ್ನು ಸಿಂಹವೆಂದು, ಆ ಮಾತಿನ ಬಿಗಿಯನ್ನು ತಿಳಿದು, ಹೇಳಬಲ್ಲನೇ ಎಂಬುದೇ ಕೇಳತಕ್ಕ ಪ್ರಶ್ನೆ. ಯಾಕಬ್ಸನ್ನನ ಉದಾಹರಣೆಗಳಲ್ಲಿ ಇದಕ್ಕೆ ಉತ್ತರವಿಲ್ಲ.

ಬಾಧಜ್ಞಾನವೆಂಬ ಮೊದಲನೆಯ ಅಂಗವನ್ನು ಕುರಿತು ಸಾಕ್ಷಿಯು ಬೇರೆ ಕಡೆಯಿಂದ ಬಂದಿದೆ. ೧೯೭೭ ರಲ್ಲಿ ಎಲೆನ್ ವಿನ್ನರ್, ಹೋವರ್ಡ್ ಗಾರ್ಡ್ನರ್ ಎಂಬವರು ಮೆದುಳಿಗೆ ಪೆಟ್ಟಾದ ರೋಗಿಗಳಿಗೆ ಲಾಕ್ಷಣಿಕ ವಾಕ್ಯಗಳನ್ನು ಕೇಳಿಸಿ, ಅರ್ಥಕ್ಕೆ ಹೊಂದುವ ಚಿತ್ರವನ್ನು ಆರಿಸುವಂತೆ ಹೇಳಿದರು. ಒಬ್ಬನ ಹೃದಯ ಭಾರವಾಗಿದೆಯೆಂಬ ವಾಕ್ಯಕ್ಕೆ, ಅಳುತ್ತಿರುವ ಮನುಷ್ಯನದೊಂದು ಚಿತ್ರ. ದೊಡ್ಡದೊಂದು ಕೆಂಪು ಹೃದಯವನ್ನು ಹೊತ್ತು ತತ್ತರಿಸುತ್ತಿರುವವನದು ಇನ್ನೊಂದು. ಬಲಗೋಳಕ್ಕೆ ಪೆಟ್ಟಾದವರು ವಾಕ್ಯದ ಅರ್ಥವನ್ನು ಬಾಯಿಂದ ವಿವರಿಸಬಲ್ಲವರಾಗಿದ್ದರೂ ಅನೇಕ ವೇಳೆ ಹೃದಯ ಹೊತ್ತವನ ಚಿತ್ರವನ್ನೇ ತೋರಿಸಿದರು. ಅದು ಅವರಿಗೆ ಹಾಸ್ಯಾಸ್ಪದವಾಗಿ ಕಾಣಲಿಲ್ಲ. ಎಡಗೋಳವು ಕೆಟ್ಟು ವಾಗ್ಭ್ರಂಶಕ್ಕೀಡಾದವರು ಬಾಯಿಂದ ವಿವರಿಸಲಾರದಿದ್ದರೂ ಸರಿಯಾದ ಚಿತ್ರವನ್ನು ಬಹುಪಾಲು ಆರಿಸಿದರು. ಮತ್ತೊಂದು ಚಿತ್ರವನ್ನು ನೋಡಿ ನಕ್ಕರು.

ಆ ನಗೆಯನ್ನು ಅಲಂಕಾರಶಾಸ್ತ್ರವನ್ನು ಓದಿದವನು ಸುಮ್ಮನೆ ದಾಟಿಹೋಗಲಾರನು. ಅದು ಬಾಧಜ್ಞಾನದ ನಗೆ. ಶಬ್ದಗಳು ಕೈಬಿಟ್ಟಿದ್ದರೂ, ಮುಖ್ಯಾರ್ಥವು ಇಲ್ಲಿ ಸಲ್ಲದೆಂಬ ಅರಿವು ಅವರಲ್ಲಿ ಉಳಿದಿತ್ತು; ಶಬ್ದಗಳು ಉಳಿದವರಲ್ಲಿ ಆ ಅರಿವು ಕುಂದಿತ್ತು. ಹಾಗಾದರೆ ಲಕ್ಷಣೆಯು ಪದಗಳ ಆಯ್ಕೆ ಜೋಡಣೆಗಳಲ್ಲಿಯೇ ಮುಗಿಯುವ ವ್ಯಾಪಾರವಲ್ಲ. ಹೇಳುವವನ ನಾಲಿಗೆಯಿಂದ ಪದವು ಹೇಗೆ ಜಾರಿತೆಂಬುದನ್ನು ಯಾಕಬ್ಸನ್ನನು ನೋಡಿದನು. ಕೇಳುವವನ ಬುದ್ಧಿಯಲ್ಲಿ ಅರ್ಥವು ಎಲ್ಲಿ ಎಡವಿ ಎಲ್ಲಿ ಎದ್ದಿತೆಂಬುದನ್ನು ನಮ್ಮ ಶಾಸ್ತ್ರಕಾರರು ನೋಡಿದರು. ಆದರೆ ಈ ಸಾಕ್ಷಿಯನ್ನೂ ಅತಿಯಾಗಿ ಎಳೆಯಕೂಡದು. ಬಲಗೋಳಕ್ಕೆ ಪೆಟ್ಟಾದವರಿಗೆ ಚಿತ್ರಗಳನ್ನು ನೋಡಿ ಗ್ರಹಿಸುವುದರಲ್ಲಿಯೇ ತೊಡಕಿರುವುದುಂಟು. ಬಾಯಿಂದ ಸರಿಯಾಗಿ ವಿವರಿಸಿದವರು ಚಿತ್ರದಲ್ಲಿ ತಪ್ಪಿದುದಕ್ಕೆ ಅದೂ ಒಂದು ಕಾರಣವಾಗಿರಬಹುದು. ಮೆದುಳಿನ ರಕ್ತಸಂಚಾರವನ್ನು ಅಳೆಯುವ ಯಂತ್ರಗಳಿಂದ ನಡೆದ ಪರೀಕ್ಷೆಗಳೂ ಏಕವಾಕ್ಯತೆಗೆ ಬಂದಿಲ್ಲ: ೧೯೯೪ ರಲ್ಲಿ ಬೊತ್ತಿನಿ ಮೊದಲಾದವರು ಬಲಗೋಳದ ಪಾತ್ರವನ್ನು ತೋರಿಸಿದರೆ, ೨೦೦೪ ರಲ್ಲಿ ರಾಪ್ ಮೊದಲಾದವರು ಎಡಗೋಳದ ಮುಂಭಾಗವನ್ನು ತೋರಿಸಿದರು. ೨೦೦೭ ರಲ್ಲಿ ಲೆಬೋರ್ನನ ಮೆದುಳನ್ನೇ ಹೊಸ ಯಂತ್ರದಿಂದ ಮತ್ತೆ ಪರೀಕ್ಷಿಸಿದಾಗ, ವಿಕಾರವು ಬ್ರೋಕನು ಮೇಲ್ಮೈಯಲ್ಲಿ ಕಂಡುದಕ್ಕಿಂತ ಬಹು ಆಳಕ್ಕೆ ಹರಡಿತ್ತೆಂದು ತಿಳಿದುಬಂತು. ಇಂತಿರಲು, ಅಭಿಧೆಗೆ ಇಂಥ ಕೋಣೆ, ಲಕ್ಷಣೆಗೆ ಇಂಥ ಕೋಣೆ ಎಂದು ಮೆದುಳಿನಲ್ಲಿ ಬಾಡಿಗೆ ಹಿಡಿದುಕೊಡುವ ಉತ್ಸಾಹವನ್ನು ನಾವು ತೋರಬಾರದು.

ನಮ್ಮ ಶಾಸ್ತ್ರವೂ ಪರೀಕ್ಷೆಗೆ ಅತೀತವಾದುದಲ್ಲ. ಮುಖ್ಯಾರ್ಥವು ಮೊದಲು ತೋರಿ, ಬಾಧಿತವಾಗಿ, ಆಮೇಲೆ ಲಕ್ಷ್ಯಾರ್ಥವು ಬರುವುದೆಂಬ ಕ್ರಮವು ಕಾಲಕ್ರಮವೇ ಆಗಿದ್ದರೆ ಅದನ್ನು ಗಡಿಯಾರದಿಂದ ಅಳೆಯಬಹುದು. ೧೯೮೨ ರಲ್ಲಿ ಗ್ಲುಕ್ಸ್‌ಬರ್ಗ್ ಮೊದಲಾದವರು, ವಾಕ್ಯವು ಅಕ್ಷರಾರ್ಥದಲ್ಲಿ ನಿಜವೋ ಸುಳ್ಳೋ ಎಂಬುದನ್ನು ಮಾತ್ರ ಹೇಳಬೇಕೆಂದು ಜನರನ್ನು ಕೇಳಿದರು. ಬರಿಯ ಸುಳ್ಳು ವಾಕ್ಯಗಳನ್ನು ಬೇಗ ತಳ್ಳಿಹಾಕಿದವರು, ಲಾಕ್ಷಣಿಕವಾಗಿ ಅರ್ಥವುಳ್ಳವುಗಳನ್ನು ತಳ್ಳಿಹಾಕಲು ಹೆಚ್ಚು ಹೊತ್ತು ತೆಗೆದುಕೊಂಡರು. ಬೇಡವೆಂದರೂ ಲಕ್ಷ್ಯಾರ್ಥವು ತಾನಾಗಿ ಮುಂದೆ ಬಂದು ನಿಲ್ಲುತ್ತಿತ್ತೆಂಬುದು ಇದರಿಂದ ಸಿದ್ಧವಾಗುತ್ತದೆ. ಮುಖ್ಯಾರ್ಥವು ಪೂರ್ತಿಯಾಗಿ ಸೋತ ಮೇಲೆಯೇ ಅದಕ್ಕೆ ಪ್ರವೇಶವೆಂಬ ನಿಯಮಕ್ಕೆ ಇದು ವಿರುದ್ಧ. ಇದಕ್ಕೆ ನಮ್ಮವರು ತಾವರೆಯ ನೂರು ಎಸಳುಗಳನ್ನು ಸೂಜಿಯಿಂದ ಚುಚ್ಚುವ ನ್ಯಾಯವನ್ನು ಹೇಳಿ, ಕ್ರಮವಿದ್ದರೂ ವೇಗದಿಂದ ತೋರದೆಂದು ಉತ್ತರ ಕೊಡಬಹುದು. ಎಸಳೆಸಳನ್ನೂ ಅಳೆಯುವ ಸೂಜಿ ದೊರೆತ ಮೇಲೆ ಆ ಉತ್ತರವು ಸಾಲದು. ೧೯೮೦ ರಲ್ಲಿ ಕುಟಾಸ್ ಮತ್ತು ಹಿಲ್‌ಯಾರ್ಡ್ ಎಂಬವರು, ವಾಕ್ಯದ ಕೊನೆಯಲ್ಲಿ ಹೊಂದದ ಪದವೊಂದು ಬಂದಾಗ ಸುಮಾರು ಸೆಕೆಂಡಿನ ಹತ್ತರಲ್ಲಿ ನಾಲ್ಕಂಶದಷ್ಟು ಹೊತ್ತಿಗೆ ಮೆದುಳಿನ ವಿದ್ಯುತ್ತಿನಲ್ಲಿ ಒಂದು ಅಲೆಯು ಏಳುವುದನ್ನು ಕಂಡರು. ಬೆಂಕಿಯಿಂದ ತೋಯಿಸುತ್ತಾನೆಂಬ ನಮ್ಮ ತಾರ್ಕಿಕರ ವಾಕ್ಯದಲ್ಲಿ ಯೋಗ್ಯತೆಯ ಅಭಾವವೆನ್ನುವೆವಲ್ಲ, ಅಂಥ ಸ್ಥಳವದು. ೨೦೦೨ ರಲ್ಲಿ ಕೌಲ್ಸನ್ ಮತ್ತು ವಾನ್ ಪೆಟ್ಟೆನ್ ಎಂಬವರು ಇದೇ ಅಲೆಯನ್ನು ಲಾಕ್ಷಣಿಕ ವಾಕ್ಯಗಳಲ್ಲಿ ಅಳೆದಾಗ, ಅದು ವಾಚ್ಯವಾಕ್ಯಗಳಿಗಿಂತ ಲಾಕ್ಷಣಿಕ ವಾಕ್ಯಗಳಲ್ಲಿ ದೊಡ್ಡದಾಗಿತ್ತು. ನಡುವಣ ಬಗೆಯ ವಾಕ್ಯಗಳಲ್ಲಿ ಅಲೆಯೂ ನಡುವಣದ್ದಾಗಿತ್ತು. ಇದರಿಂದ ನಮಗೆ ತೋರುವುದೇನೆಂದರೆ, ಬಾಧವು ಉಂಟು, ಆದರೆ ಅದು ಬಾಗಿಲು ಮುಚ್ಚಿದಂತೆ ಆಗುವುದಲ್ಲ; ತಾರತಮ್ಯವುಳ್ಳದ್ದು, ಹೆಚ್ಚುಕಡಮೆಯಾಗುವುದು. ಮೂರು ಅಂಗಗಳನ್ನು ಕಾಲಕ್ರಮವೆಂದು ತಿಳಿಯದೆ ಅರ್ಥನಿರ್ಣಯದ ಕಾರಣಸಾಮಗ್ರಿಯೆಂದು ತಿಳಿದರೆ ಶಾಸ್ತ್ರಕ್ಕೆ ಹಾನಿಯಿಲ್ಲ. ಕಾಲಕ್ರಮವೆಂದೇ ಹಟ ಹಿಡಿದರೆ ಹಾನಿಯುಂಟು.

ಇನ್ನು ಪ್ರಯೋಜನ. ಇದು ಲಕ್ಷಣೆಯಿಂದ ತಿಳಿಯುವುದಲ್ಲ, ವ್ಯಂಜನೆಯಿಂದಲೇ ತಿಳಿಯತಕ್ಕದ್ದೆಂದು ಮಮ್ಮಟನು ಸಾಧಿಸಿದ್ದಾನೆ. ಪ್ರಯೋಜನಕ್ಕೂ ಲಕ್ಷಣೆಯನ್ನೇ ಹೇಳಿದರೆ ಆ ಲಕ್ಷಣೆಗೆ ಮತ್ತೊಂದು ಪ್ರಯೋಜನ ಬೇಕಾಗಿ ಅನವಸ್ಥೆಯುಂಟಾಗುವುದು. ಯಾಕಬ್ಸನ್ನನ ಈ ದ್ವಿಧ್ರುವಗಳಲ್ಲಿ ವ್ಯಂಜನೆಗೆ ನಿಲ್ಲಲು ನೆಲೆಯೇ ಇಲ್ಲ. ಅನ್ನಾಳ ಕೈಚೀಲವನ್ನು ಮೆಟಾನಿಮಿಯೆಂದು ಹೆಸರಿಸಿದಾಗ ಕೈಚೀಲಕ್ಕೂ ಅನ್ನಾಳಿಗೂ ಇರುವ ಸಂಬಂಧವನ್ನು ಹೇಳಿದಂತಾಯಿತು. ಸಾವಿನ ಅಂಚಿನಲ್ಲಿರುವವಳು ಬದುಕಿನ ಒಂದು ಸಣ್ಣ ವಸ್ತುವಿನಲ್ಲಿ ತೊಡಕಿಕೊಳ್ಳುವುದರಿಂದ ಓದುವವನ ಎದೆಯಲ್ಲಿ ಏಳುವುದು ಯಾವುದೋ ಅದನ್ನು ಹೇಳಿದಂತಾಗಲಿಲ್ಲ. ಅಲ್ಲಿ ಮುಖ್ಯಾರ್ಥಬಾಧವೇ ಇಲ್ಲವಾದುದರಿಂದ ಅದು ಲಕ್ಷಣೆಯೂ ಅಲ್ಲ. ಕೈಚೀಲವು ಕೈಚೀಲವೇ, ವಾಚ್ಯವು ವಾಚ್ಯವಾಗಿಯೇ ಉಳಿದು ಬೇರೊಂದನ್ನು ಧ್ವನಿಸುತ್ತದೆ. ತರಗತಿಯಲ್ಲಿ ಇದನ್ನು ಮೆಟಾನಿಮಿಯೆಂದು ಗುರುತು ಹಾಕಿ ಪುಟವನ್ನು ತಿರುವಿದ ವಿದ್ಯಾರ್ಥಿಗೆ ಆ ಸಂದರ್ಭವು ದಕ್ಕಲಿಲ್ಲವೆಂದೇ ತಿಳಿಯಬೇಕು.

ಆರ್ಥೀವ್ಯಂಜನೆಗೆ ವಕ್ತೃ, ಬೋದ್ಧವ್ಯ, ಕಾಕು, ಪ್ರಸ್ತಾವ, ದೇಶ, ಕಾಲ ಮುಂತಾದವುಗಳ ವೈಶಿಷ್ಟ್ಯವು ಕಾರಣವೆಂದು ಕಾವ್ಯಪ್ರಕಾಶದ ಮೂರನೆಯ ಉಲ್ಲಾಸದಲ್ಲಿ ಹೇಳಿದೆ. ಸೂರ್ಯ ಮುಳುಗಿದನೆಂಬ ಒಂದೇ ವಾಕ್ಯವು ದನಗಾಹಿಗೆ ಒಂದನ್ನೂ, ಸಂಕೇತಸ್ಥಳಕ್ಕೆ ಹೊರಡುವವಳಿಗೆ ಒಂದನ್ನೂ, ಸಂಧ್ಯಾವಂದನೆ ಮಾಡುವವನಿಗೆ ಇನ್ನೊಂದನ್ನೂ ತಿಳಿಸುವುದು ಈ ಕಾರಣಗಳಿಂದಲೇ. ೧೯೮೧ ರಲ್ಲಿ ಎಲಿಯಟ್ ರಾಸ್ ಎಂಬ ವೈದ್ಯನು, ಬಲಗೋಳಕ್ಕೆ ಪೆಟ್ಟಾದ ರೋಗಿಗಳಲ್ಲಿ ಪದವೂ ವ್ಯಾಕರಣವೂ ಕೆಡದೆ ಧ್ವನಿಯ ಏರಿಳಿತದ ಭಾವವೊಂದೇ ಕೆಟ್ಟಿರುವುದನ್ನು ವರ್ಣಿಸಿದನು. ಇದು ಕಾಕುವಿನ ಭ್ರಂಶ. ಅದೇ ಬಗೆಯ ರೋಗಿಗಳಲ್ಲಿ ಹಾಸ್ಯದ ತಿರುವನ್ನೂ ಕಥೆಯ ಪ್ರಸ್ತಾವವನ್ನೂ ಹಿಡಿಯುವ ಶಕ್ತಿ ಕುಂದುವುದೆಂದು ತರುವಾಯದ ಸಂಶೋಧಕರು ಕಂಡರು. ವಾಗ್ಭ್ರಂಶವೆಂದರೆ ಪದಗಳ ಭ್ರಂಶವೆಂದು ಮಾತ್ರ ತಿಳಿದ ಯಾಕಬ್ಸನ್ನನ ಕಾಲದವರಿಗೆ ಈ ರೋಗಿಗಳು ಮಾತು ಕೆಟ್ಟವರಾಗಿ ಕಾಣುತ್ತಲೇ ಇರಲಿಲ್ಲ. ಕಾವ್ಯವನ್ನು ಕುರಿತು ಮೆದುಳಿನಿಂದ ಏನನ್ನಾದರೂ ಕಲಿಯಬೇಕೆಂದರೆ ಇವರ ಬಳಿಗೇ ಹೋಗಬೇಕಾಗಿತ್ತು.

ಮುಂದೆ ಕನ್ನಡದಲ್ಲಿ ಇಂಥ ಪರೀಕ್ಷೆಯನ್ನು ನಡೆಸುವವರಿಗೆ ಒಂದು ಸೂಚನೆ. ಹೃದಯ ಭಾರವಾಯಿತೆಂಬ ಮಾತು ರೂಢಿಲಕ್ಷಣೆ. ಬಳಕೆಯಿಂದ ಸವೆದು ಅದು ವಾಚ್ಯದ ಸಮೀಪಕ್ಕೆ ಬಂದಿದೆ. ರೋಗಿಯು ಅದನ್ನು ಬಾಯಿಂದ ವಿವರಿಸಿದ್ದು ನೆನಪಿನ ಬಲದಿಂದಲೋ ಬಾಧಜ್ಞಾನದ ಬಲದಿಂದಲೋ ಎಂದು ನಿರ್ಣಯಿಸುವುದು ಸಾಧ್ಯವಿಲ್ಲ. ಕಿವಿಗೊಡು, ಕಣ್ಣಿಡು, ಕೈಹಿಡಿ, ತಲೆಬಾಗು ಇವುಗಳಿಂದ ಪರೀಕ್ಷಿಸಿದರೂ ಇದೇ ದೋಷ ಬರುವುದು. ಇವುಗಳ ಜೊತೆಗೆ ಯಾರೂ ಮೊದಲು ಕೇಳದ ಪ್ರಯೋಜನಲಕ್ಷಣೆಯ ವಾಕ್ಯಗಳನ್ನು, ಗೌಣಿಯವನ್ನೂ ಶುದ್ಧೆಯವನ್ನೂ ಬೇರೆಬೇರೆಯಾಗಿ ರಚಿಸಿ, ಶುದ್ಧೆಯಲ್ಲಿಯೂ ಕಾರ್ಯಕಾರಣ ಸಾಮೀಪ್ಯ ತಾತ್ಕರ್ಮ್ಯಗಳನ್ನು ಬೆರಸದೆ ಇಡಬೇಕು. ಚಿತ್ರ ತೋರಿಸುವುದರ ಜೊತೆಗೆ ಬಾಯಿಮಾತಿನ ಪ್ರಶ್ನೆಗಳಿಂದಲೂ ಉತ್ತರವನ್ನು ಪಡೆಯಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಕನ್ನಡಿಗ ರೋಗಿಗಳ ನಡುವೆಯೇ ಇದೆ. ವಾಕ್ಯಗಳನ್ನು ರಚಿಸಿ ವಿಂಗಡಿಸಿಕೊಡುವ ಕೆಲಸಕ್ಕೆ ಕಾವ್ಯಪ್ರಕಾಶದ ಎರಡನೆಯ ಉಲ್ಲಾಸವನ್ನು ಪಾಠ ಹೇಳಿದ ಯಾರಾದರೂ ಸಾಕು.